ಪುಟ್ಟ ಮಕ್ಕಳೊಂದಿಗೆ ಹಳ್ಳಿಯ ಸೇವೆಗೆ: ಹೊರದೇಶದ ಕನ್ನಡ ಕುಟುಂಬಗಳಿಗೆ ಮಾರ್ಗದರ್ಶಿ

ಹೊರದೇಶದಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಂದ ರಜೆ ಹತ್ತಿರವಾದಾಗಲೆಲ್ಲ ನನಗೆ ಬರುವ ಪ್ರಶ್ನೆ ಇದು: ‘ಈ ಸಲ ನೆಂಟರ ಮನೆಗಳನ್ನು ಸುತ್ತುವುದರ ಜೊತೆಗೆ ಯಾವುದಾದರೂ ಹಳ್ಳಿಯಲ್ಲಿ ಕೆಲವು ವಾರ ಇದ್ದು ಕೈಲಾದ ಕೆಲಸ ಮಾಡಬೇಕೆಂದಿದ್ದೇವೆ. ಆದರೆ ಮಗುವಿಗೆ ಇನ್ನೂ ನಾಲ್ಕು ವರ್ಷ. ಆಗುತ್ತದೆಯೇ?’

ಖಂಡಿತ ಆಗುತ್ತದೆ. ಆದರೆ ಒಂಟಿಯಾಗಿ ಬರುವ ಸ್ವಯಂಸೇವಕರು ಮಾಡುವ ಕೆಲಸವನ್ನೇ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಮಾಡುತ್ತೇವೆಂದು ಹೊರಟರೆ ಮೂರನೇ ದಿನಕ್ಕೇ ಸೋತುಹೋಗುತ್ತೀರಿ. ಮಗುವೂ ಅಳುತ್ತದೆ, ಕೆಲಸವೂ ಕೆಡುತ್ತದೆ, ಆತಿಥ್ಯ ಕೊಟ್ಟವರಿಗೆ ಎರಡು ಪಟ್ಟು ಹೊರೆಯಾಗುತ್ತದೆ. ಮಗುವಿರುವುದರಿಂದಲೇ ಚೆನ್ನಾಗಿ ಆಗುವ ಕೆಲಸಗಳು ಹಳ್ಳಿಯಲ್ಲಿವೆ. ಅವನ್ನು ಹುಡುಕಿಕೊಳ್ಳುವುದೇ ನಿಮ್ಮ ಮುಖ್ಯ ತಯಾರಿ. ಇಲ್ಲಿ ಬರೆಯುತ್ತಿರುವುದು ಕರ್ನಾಟಕದ ಹಳ್ಳಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಗ್ರಾಮಸೇವಾ ಸಂಸ್ಥೆಗಳಿಗೆ ಹೆಸರಾದ ರಾಜಸ್ಥಾನದ ತಿಲೋನಿಯಾಕ್ಕೋ ಮಹಾರಾಷ್ಟ್ರದ ಜಾಮಖೇಡಕ್ಕೋ ಹೋಗಬಯಸುವವರಿಗೂ ಇದರ ಬಹುಪಾಲು ಅನ್ವಯಿಸುತ್ತದೆ. ಆದರೆ ಪುಟ್ಟ ಮಗುವಿನೊಂದಿಗೆ ಮೊದಲ ಸಲ ಬರುವವರಿಗೆ ಭಾಷೆ ಗೊತ್ತಿರುವ ನೆಲವೇ ಒಳ್ಳೆಯದು. ಜ್ವರ ಬಂದ ರಾತ್ರಿ ಊರಿನ ಆರೋಗ್ಯ ಸೇವಕಿಯಾದ ಆಶಾ ಕಾರ್ಯಕರ್ತೆಯೊಂದಿಗೆ ಕನ್ನಡದಲ್ಲಿ ಮಾತನಾಡಲು ಆಗುವುದು ಎಷ್ಟು ದೊಡ್ಡ ಧೈರ್ಯವೆಂದು ಆಗ ತಿಳಿಯುತ್ತದೆ.

ಮೊದಲು ಕೇಳಿಕೊಳ್ಳಬೇಕಾದದ್ದು

ವಿಮಾನದ ಟಿಕೆಟ್ ತೆಗೆಯುವ ಮುನ್ನ ಒಂದು ಪ್ರಶ್ನೆಗೆ ಉತ್ತರ ಬೇಕು: ಈ ಕೆಲಸವನ್ನು ಕೇಳಿದವರು ಯಾರು? ಹಳ್ಳಿಯವರೋ, ಅಲ್ಲಿ ವರ್ಷಗಳಿಂದ ಇರುವ ಸಂಸ್ಥೆಯೋ ಕೇಳಿದ್ದರೆ ಸರಿ. ನಮಗೆ ನಾವೇ ಊಹಿಸಿಕೊಂಡದ್ದಾದರೆ ಅಲ್ಲಿಗೇ ನಿಲ್ಲಿಸಿ ಇನ್ನೊಮ್ಮೆ ಫೋನ್ ಮಾಡಬೇಕು.

ಬಂದವರು ಸಾಮಾನ್ಯವಾಗಿ ಮಾಡಲು ಮುಂದಾಗುವುದು ಎರಡು ಕೆಲಸ: ಶಾಲೆಯ ಗೋಡೆಗೆ ಬಣ್ಣ ಬಳಿಯುವುದು ಮತ್ತು ಇಂಗ್ಲಿಷ್ ಕಲಿಸುವುದು. ಬಣ್ಣ ಬಳಿಯುವವರು ಆ ಊರಿನಲ್ಲೇ ಇರುತ್ತಾರೆ, ಅವರಿಗೆ ಕೂಲಿ ಬೇಕು. ಗೋಡೆಗೆ ಬಣ್ಣ ಬೇಕೇ ಬೇಕು ಎನಿಸಿದರೆ ಆ ಕೂಲಿಯನ್ನು ನೀವು ಭರಿಸಿ. ಇಂಗ್ಲಿಷ್ ಪಾಠ ಬೇಡವೆನ್ನುವುದಿಲ್ಲ. ಆದರೆ ಎರಡು ವಾರ ಯಾರೋ ಬಂದು ಹಾಡು ಕುಣಿತಗಳೊಂದಿಗೆ ಕಲಿಸಿ ಹೋದ ಮೇಲೆ ಪಾಠವನ್ನು ಮತ್ತೆ ಹಳಿಗೆ ತರುವ ಕೆಲಸ ಶಿಕ್ಷಕರ ಹೆಗಲಿಗೇ ಬೀಳುತ್ತದೆ. ಬೋಧಿಸುವುದೇ ಇಷ್ಟವಾದರೆ ಶಿಕ್ಷಕರ ಪಕ್ಕದಲ್ಲಿ ಕುಳಿತು, ಅವರು ಆ ವಾರ ಮಾಡುತ್ತಿರುವ ಪಾಠಕ್ಕೇ ನೆರವಾಗಿ.

ಸಂಸ್ಥೆಗಳು ನಿಜವಾಗಿ ಕೇಳುವ ಕೆಲಸಗಳು ಬೇರೆ ತೆರನಾಗಿರುತ್ತವೆ. ವರ್ಷಗಳ ದಾಖಲೆಯನ್ನು ಕಂಪ್ಯೂಟರಿಗೆ ಏರಿಸಿ ವಿಂಗಡಿಸುವುದು, ವರದಿಯನ್ನು ಇಂಗ್ಲಿಷಿನಲ್ಲಿ ತಿದ್ದುವುದು, ಜಾಲತಾಣವನ್ನು ಸರಿಪಡಿಸುವುದು, ಸಿಬ್ಬಂದಿಗೆ ಲೆಕ್ಕಪತ್ರದ ತಂತ್ರಾಂಶ ಹೇಳಿಕೊಡುವುದು. ನೋಡಲು ಸಪ್ಪೆ, ಆದರೆ ನೀವು ಹೊರಟ ಮೇಲೂ ಉಳಿಯುವಂಥವು. ತಂದೆತಾಯಿಯರಲ್ಲಿ ಒಬ್ಬರು ಬೆಳಗಿನ ಹೊತ್ತು ಈ ಕೆಲಸಕ್ಕೆ ಕುಳಿತರೆ ಇನ್ನೊಬ್ಬರು ಮಗುವಿನೊಂದಿಗೆ ಇರಬಹುದು. ಮಧ್ಯಾಹ್ನದ ಮೇಲೆ ಅದಲು ಬದಲು. ವೈದ್ಯರಾದವರಿಗೆ ಒಂದು ಮಾತು: ಭಾರತದಲ್ಲಿ ನೋಂದಣಿ ಇಲ್ಲದೆ ಇಲ್ಲಿ ರೋಗಿಗಳಿಗೆ ಚಿಕಿತ್ಸೆ ಕೊಡುವಂತಿಲ್ಲ. ಎಷ್ಟೇ ದೊಡ್ಡ ಆಸ್ಪತ್ರೆಯಿಂದ ಬಂದಿದ್ದರೂ ಸಿಬ್ಬಂದಿಯ ತರಬೇತಿಯಲ್ಲೋ ದಾಖಲೆಯ ಕೆಲಸದಲ್ಲೋ ನೆರವಾಗಿ.

ಮಗುವಿನ ವಯಸ್ಸಿಗೆ ತಕ್ಕಂತೆ

ಒಂದು ವರ್ಷ ತುಂಬದ ಕೂಸನ್ನು ಕರೆತರಬೇಡಿ ಎಂದೇ ಹೇಳುತ್ತೇನೆ. ಲಸಿಕೆಗಳು ಪೂರ್ತಿಯಾಗಿರುವುದಿಲ್ಲ, ಬೇಧಿ ಹಿಡಿದರೆ ಗಂಟೆಗಳಲ್ಲಿ ಸೊರಗುತ್ತದೆ. ಎರಡು ಮೂರು ವರ್ಷದ ಮಗುವಿದ್ದರೆ ತಂದೆತಾಯಿಯರಲ್ಲಿ ಒಬ್ಬರ ಸಮಯ ಪೂರ್ತಿ ಮಗುವಿಗೇ ಹೋಗುತ್ತದೆಂದು ಲೆಕ್ಕ ಹಾಕಿ, ಅದನ್ನು ಸಂಸ್ಥೆಗೂ ಮೊದಲೇ ಹೇಳಿ. ನಾಲ್ಕರಿಂದ ಎಂಟು ವರ್ಷದವರು ಹಳ್ಳಿಗೆ ಬೇಗ ಒಗ್ಗುತ್ತಾರೆ. ಕುಂಟೆಬಿಲ್ಲೆಗೆ ಗೆರೆ ಎಳೆದ ಕಡೆ ನಿಂತರೆ ಸಾಕು, ಭಾಷೆ ಪೂರ್ತಿ ಬಾರದಿದ್ದರೂ ಆಟಕ್ಕೆ ಸೇರಿಕೊಳ್ಳುತ್ತಾರೆ.

ಮಕ್ಕಳ ಕನ್ನಡವನ್ನು ಹೊರಡುವ ಕೆಲವು ತಿಂಗಳ ಮೊದಲೇ ಹದಗೊಳಿಸಿ. ವ್ಯಾಕರಣ ಬೇಡ. ‘ನೀರು ಬೇಕು’, ‘ಹೊಟ್ಟೆ ನೋಯುತ್ತಿದೆ’, ‘ಮುಟ್ಟಬೇಡಿ’, ‘ಅಮ್ಮನ ಹತ್ತಿರ ಹೋಗಬೇಕು’ – ಇಷ್ಟನ್ನು ಮಗು ಅಂಜದೆ ಗಟ್ಟಿಯಾಗಿ ಹೇಳಲು ಬರಬೇಕು. ‘ಮುಟ್ಟಬೇಡಿ’ ಎಂಬುದನ್ನು ಬೇಕೆಂದೇ ಸೇರಿಸಿದ್ದೇನೆ. ಹಳ್ಳಿಯಲ್ಲಿ ಎಲ್ಲರೂ ಪ್ರೀತಿಯಿಂದಲೇ ಕೆನ್ನೆ ಹಿಂಡುತ್ತಾರೆ, ಎತ್ತಿಕೊಳ್ಳುತ್ತಾರೆ, ತಮ್ಮ ಮನೆಗೆ ಕರೆದೊಯ್ಯುತ್ತಾರೆ. ಮಗು ಹಿಂಜರಿದರೆ ನೀವೇ ನಗುತ್ತಾ ‘ಅವಳಿಗೆ ಸ್ವಲ್ಪ ನಾಚಿಕೆ ಅಜ್ಜಿ, ಆಮೇಲೆ ಬರುತ್ತಾಳೆ’ ಎಂದು ನಡುವೆ ಬಂದುಬಿಡಿ. ಯಾರಿಗೂ ಬೇಸರವಾಗುವುದಿಲ್ಲ. ಹಿರಿಯರನ್ನು ಅಜ್ಜಿ, ತಾತ, ಅಕ್ಕ, ಅಣ್ಣ, ಮಾಮ ಎಂದು ಕರೆಯುವ ರೂಢಿಯನ್ನೂ ಮನೆಯಲ್ಲೇ ಮಾಡಿಸಿ. ಅಂಗನವಾಡಿಯಲ್ಲಿ ‘ಟೀಚರ್’, ‘ಮಿಸ್’ ಎನ್ನುತ್ತಾರೆ, ಹೆಸರು ಹಿಡಿದು ಕರೆಯುವುದಿಲ್ಲ.

ಸಂಸ್ಥೆಯನ್ನು ಆರಿಸುವಾಗ

ಒಂದೇ ನೆಲದಲ್ಲಿ ದಶಕಗಳಿಂದ ಬೇರೂರಿದವರನ್ನು ಹುಡುಕಿ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಸೋಲಿಗ ಬುಡಕಟ್ಟಿನವರ ನಡುವೆ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ, ಡಾ. ಆರ್. ಬಾಲಸುಬ್ರಹ್ಮಣ್ಯಂ ಅವರು ಮೈಸೂರಿನಲ್ಲಿ ವೈದ್ಯಕೀಯ ಓದುತ್ತಿದ್ದಾಗ 1984ರಲ್ಲಿ ಗೆಳೆಯರೊಂದಿಗೆ ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್, ಇಂಥವು ಮಾದರಿಗಳು. ಎರಡನೆಯದು ಹೆಗ್ಗಡದೇವನಕೋಟೆ, ಸರಗೂರು ಕಡೆಯ ಹಾಡಿಗಳಲ್ಲಿ, ಅಂದರೆ ಬುಡಕಟ್ಟು ಜನರ ವಸತಿಗಳಲ್ಲಿ, ಜೇನುಕುರುಬರು ಮತ್ತು ಬೆಟ್ಟಕುರುಬರೊಂದಿಗೆ ಆರೋಗ್ಯ, ಶಿಕ್ಷಣದ ಕೆಲಸ ಮಾಡುತ್ತಾ ಬಂದಿದೆ. ಇಂಥ ಕಡೆಗಳಿಗೆ ನೇರವಾಗಿ ಹೋಗಿ ನಿಲ್ಲಬೇಡಿ. ತಿಂಗಳುಗಳ ಮುಂಚೆ ಬರೆದು, ಮಗುವಿನ ವಯಸ್ಸನ್ನು ಮೊದಲ ಪತ್ರದಲ್ಲೇ ತಿಳಿಸಿ, ‘ನಮ್ಮಿಂದ ಉಪಯೋಗವಿದೆಯೇ’ ಎಂದು ಕೇಳಿ. ‘ಈ ವರ್ಷ ಬೇಡ’ ಎಂದರೆ ಅದು ಪ್ರಾಮಾಣಿಕ ಉತ್ತರವೆಂದು ಗೌರವದಿಂದ ಒಪ್ಪಿಕೊಳ್ಳಿ. ಕಾಡಂಚಿನ ಹಾಡಿಗಳಿಗೆ ಹೋಗುವುದಾದರೆ ಅರಣ್ಯ ಇಲಾಖೆಯ ಅನುಮತಿಯ ವಿಚಾರವನ್ನೂ ಅವರಿಂದಲೇ ತಿಳಿಯಿರಿ. ಬಿಳಿಗಿರಿರಂಗನ ಬೆಟ್ಟವೂ ನಾಗರಹೊಳೆಯೂ ಹುಲಿ ಸಂರಕ್ಷಿತ ಪ್ರದೇಶಗಳು. ಅಲ್ಲಿ ಕತ್ತಲಾದ ಮೇಲೆ ಮಗುವನ್ನು ಕರೆದುಕೊಂಡು ಓಡಾಡುವ ಮಾತೇ ಇಲ್ಲ, ಆನೆಗಳಿವೆ.

ಸಂಸ್ಥೆ ಒಳ್ಳೆಯದೇ ಎಂದು ತಿಳಿಯುವ ಒಂದು ಗುರುತಿದೆ: ಅವರು ನಿಮ್ಮನ್ನು ಎಷ್ಟು ಪರೀಕ್ಷಿಸುತ್ತಾರೆ ಎಂಬುದು. ನಿಮ್ಮ ದೇಶದ ಪೊಲೀಸರಿಂದ ಪ್ರಮಾಣಪತ್ರ ತನ್ನಿ ಎನ್ನುವವರು, ಮಕ್ಕಳ ರಕ್ಷಣಾ ನೀತಿಗೆ ಸಹಿ ಹಾಕಿಸಿಕೊಳ್ಳುವವರು, ‘ಸಿಬ್ಬಂದಿಯಿಲ್ಲದೆ ನಮ್ಮ ಮಕ್ಕಳೊಂದಿಗೆ ಒಬ್ಬರೇ ಇರುವಂತಿಲ್ಲ’ ಎಂದು ಖಡಾಖಂಡಿತವಾಗಿ ಹೇಳುವವರು ನಂಬಿಕೆಗೆ ಅರ್ಹರು. ಅಪರಿಚಿತರಾದ ನಿಮ್ಮ ಕೈಗೆ ಬಂದ ದಿನವೇ ಇಪ್ಪತ್ತು ಮಕ್ಕಳನ್ನು ಒಪ್ಪಿಸಿ ಹೋಗುವ ಕಡೆ, ನಿಮ್ಮ ಮಗುವನ್ನೂ ಅಷ್ಟೇ ಸಲೀಸಾಗಿ ಯಾರದೋ ಕೈಗೆ ಒಪ್ಪಿಸುತ್ತಾರೆ. ಅಲ್ಲಿಂದ ಹೊರಟುಬಿಡಿ.

ಅನಾಥಾಲಯಗಳಲ್ಲಿ ಕೆಲವು ವಾರದ ಸೇವೆ ಮಾತ್ರ ಬೇಡವೇ ಬೇಡ. ಅಲ್ಲಿನ ಮಕ್ಕಳು ಈಗಾಗಲೇ ಒಮ್ಮೆ ಆಸರೆ ಕಳೆದುಕೊಂಡವರು. ಪ್ರತಿ ತಿಂಗಳು ಹೊಸಬರೊಬ್ಬರು ಬಂದು ಅಪ್ಪಿ ಮುದ್ದಾಡಿ ಮಾಯವಾಗುವುದು ಅವರಿಗೆ ಒಳ್ಳೆಯದಲ್ಲ. ಮಕ್ಕಳ ಪಾಲನಾ ಸಂಸ್ಥೆಗಳು 2015ರ ಬಾಲನ್ಯಾಯ ಕಾಯ್ದೆಯಡಿ ನೋಂದಣಿಯಾಗಿರಲೇಬೇಕು. ದುಡ್ಡು ಕೊಟ್ಟವರನ್ನೆಲ್ಲ ಒಳಗೆ ಬಿಡುವ ಕಡೆ ಏನೋ ಸರಿಯಿಲ್ಲವೆಂದೇ ತಿಳಿಯಿರಿ. ದೊಡ್ಡ ಮೊತ್ತ ಕೇಳಿ ‘ಸೇವಾ ಪ್ರವಾಸ’ ಏರ್ಪಡಿಸುವ ಮಧ್ಯವರ್ತಿಗಳಿಂದಲೂ ದೂರವಿರಿ. ಊಟ, ವಸತಿಯ ಖರ್ಚನ್ನು ಸಂಸ್ಥೆಗೆ ಕೊಡುವುದು ಬೇರೆ ವಿಚಾರ, ಅದನ್ನು ಅವರು ಕೇಳದಿದ್ದರೂ ನೀವು ಕೊಡಬೇಕು.

ವೀಸಾ ಮತ್ತು ಹಣ

ಇದನ್ನು ಬೇಗ ಮುಗಿಸುತ್ತೇನೆ, ಆದರೆ ಒಂದೊಂದನ್ನೂ ಹೊರಡುವ ಮುನ್ನ ಭಾರತ ಸರ್ಕಾರದ ವೀಸಾ ಜಾಲತಾಣದಲ್ಲಿ ಮತ್ತೆ ನೋಡಿಕೊಳ್ಳಿ, ನಿಯಮ ಬದಲಾಗುತ್ತಿರುತ್ತದೆ. ವಿದೇಶಿ ಪಾಸ್‌ಪೋರ್ಟ್ ಇರುವವರು ಪ್ರವಾಸಿ ವೀಸಾದ ಮೇಲೆ ಹೆಚ್ಚೆಂದರೆ ಒಂದು ತಿಂಗಳು, ಯಾವ ಸಂಭಾವನೆಯೂ ಇಲ್ಲದ ಸ್ವಯಂಸೇವೆ ಮಾಡಬಹುದು. ಅದಕ್ಕಿಂತ ಹೆಚ್ಚಾದರೆ ಬೇರೆ ವರ್ಗದ ವೀಸಾ ಬೇಕು, ಅದಕ್ಕೆ ಸಂಸ್ಥೆಯ ಪತ್ರಗಳು ಬೇಕಾಗುತ್ತವೆ. ತಂದೆತಾಯಿ ಭಾರತದ ಪ್ರಜೆಗಳಾಗಿದ್ದರೂ ಅಮೆರಿಕದಲ್ಲಿ ಹುಟ್ಟಿ ಅಲ್ಲಿನ ಪಾಸ್‌ಪೋರ್ಟ್ ಹೊಂದಿರುವ ಮಗುವಿಗೆ ತನ್ನದೇ ವೀಸಾ ಅಥವಾ ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಬೇಕೇ ಬೇಕು. ಓಸಿಐ ಇರುವವರಿಗೂ ಧರ್ಮಪ್ರಚಾರ, ಸಂಶೋಧನೆ, ಪತ್ರಿಕಾ ಕೆಲಸಗಳಿಗೆ ಪ್ರತ್ಯೇಕ ಅನುಮತಿ ಅಗತ್ಯ. ‘ಹಾಡಿಯ ಮಕ್ಕಳ ಬಗ್ಗೆ ಒಂದು ಸಣ್ಣ ಅಧ್ಯಯನವನ್ನೂ ಮಾಡಿಕೊಂಡು ಬರೋಣ’ ಎಂದುಕೊಂಡವರು ಇದನ್ನು ಗಮನಿಸಬೇಕು. ವಿದೇಶಿ ಪಾಸ್‌ಪೋರ್ಟಿನವರು ಉಳಿದುಕೊಂಡರೆ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ತಿಳಿಸುವ ಹೊಣೆ ವಸತಿ ಕೊಟ್ಟವರದು. ಹಳ್ಳಿಯ ಮನೆಯವರಿಗೆ ಇದು ಗೊತ್ತಿರುವುದಿಲ್ಲ, ನೀವೇ ಜೊತೆಗೆ ಕುಳಿತು ಮಾಡಿಸಿ.

ಹಣ ಕೊಡುವುದರಲ್ಲಿ ಹಲವರು ಎಡವುತ್ತಾರೆ. ವಿದೇಶಿ ಪ್ರಜೆ ಕೊಡುವ ದೇಣಿಗೆ ವಿದೇಶಿ ವಂತಿಗೆ ಕಾಯ್ದೆಯಡಿ (ಎಫ್‌ಸಿಆರ್‌ಎ) ಬರುತ್ತದೆ, ಓಸಿಐ ಇದ್ದವರದೂ ಹಾಗೆಯೇ. ಆ ಕಾಯ್ದೆಯಡಿ ನೋಂದಣಿ ಇರುವ ಸಂಸ್ಥೆ ಮಾತ್ರ, 2020ರ ತಿದ್ದುಪಡಿಯ ನಂತರ ನವದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿರುವ ನಿಗದಿತ ಖಾತೆಯ ಮೂಲಕ ಅದನ್ನು ಪಡೆಯಬಹುದು. ಹೊರದೇಶದಲ್ಲಿದ್ದರೂ ಭಾರತದ ಪ್ರಜೆಯಾಗಿರುವವರು ತಮ್ಮ ಸ್ವಂತ ದುಡಿಮೆಯಿಂದ ಬ್ಯಾಂಕ್ ಮೂಲಕ ಕೊಡುವ ಹಣಕ್ಕೆ ಇದು ಅನ್ವಯಿಸುವುದಿಲ್ಲ. ಹೊರಡುವ ದಿನ ಭಾವುಕರಾಗಿ ಕಾರ್ಯದರ್ಶಿಯ ಕೈಗೆ ಡಾಲರ್ ತುರುಕಿದರೆ ಸಂಸ್ಥೆಗೇ ಸಂಕಟ. ಮೊದಲೇ ಕೇಳಿ, ಸರಿಯಾದ ದಾರಿಯಲ್ಲಿ ಕೊಡಿ.

ಯಾವಾಗ ಬರಬೇಕು

ಅಮೆರಿಕದ ಬೇಸಿಗೆ ರಜೆ ಇಲ್ಲಿನ ಮಳೆಗಾಲ. ಜೂನ್ ತಿಂಗಳಿಗೆ ಶಾಲೆಗಳು ತೆರೆದಿರುತ್ತವೆ, ಅದು ಅನುಕೂಲ. ಆದರೆ ಜುಲೈ, ಆಗಸ್ಟ್‌ನಲ್ಲಿ ಮಲೆನಾಡು, ಕರಾವಳಿಗೆ ಪುಟ್ಟ ಮಗುವಿನೊಂದಿಗೆ ಹೋಗಬೇಡಿ. ಬಟ್ಟೆ ಒಣಗುವುದಿಲ್ಲ, ಮಳೆಯ ರಜೆ ಘೋಷಣೆಯಾದರೆ ಶಾಲೆಯೂ ಇರುವುದಿಲ್ಲ. ಆ ತಿಂಗಳುಗಳಲ್ಲಿ ಬಯಲುಸೀಮೆ ಹಿತ. ಆಸ್ಟ್ರೇಲಿಯಾದವರಿಗೆ ಡಿಸೆಂಬರ್, ಜನವರಿಯ ರಜೆ ಸಿಗುವುದರಿಂದ ಅವರೇ ಪುಣ್ಯವಂತರು: ಹವೆ ಚೆನ್ನ, ಶಾಲೆಗಳು ನಡೆಯುತ್ತಿರುತ್ತವೆ, ಸುಗ್ಗಿಯನ್ನೂ ಮಕ್ಕಳು ನೋಡಬಹುದು. ಒಂದು ಎಚ್ಚರಿಕೆ ಇದೆ. ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಕಡೆ ಡಿಸೆಂಬರಿನಿಂದ ಮೇ ತಿಂಗಳವರೆಗೆ ಮಂಗನ ಕಾಯಿಲೆಯ ಕಾಲ. ಉಣುಗು ಕಚ್ಚಿ ಹರಡುವ ಈ ಜ್ವರವನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಸೊರಬದ ಕ್ಯಾಸನೂರು ಕಾಡಿನ ಬಳಿ. ಆ ತಿಂಗಳುಗಳಲ್ಲಿ ಅಲ್ಲಿ ಕಾಡು, ತರಗೆಲೆಯ ರಾಶಿಗಳ ಕಡೆ ಮಕ್ಕಳನ್ನು ಬಿಡಬಾರದು. ಏಪ್ರಿಲ್, ಮೇ ತಿಂಗಳಲ್ಲಿ ಉತ್ತರ ಕರ್ನಾಟಕದ ಬಿಸಿಲು ಹೊರಗಿನಿಂದ ಬಂದ ಮಗುವಿಗೆ ತಡೆಯದು.

ಬಂದಿಳಿದ ಮರುದಿನವೇ ಹಳ್ಳಿಗೆ ಹೊರಡಬೇಡಿ. ನಿದ್ದೆಯ ಹೊತ್ತು ಸರಿಹೋಗುವವರೆಗೆ ಅಜ್ಜಿ ಮನೆಯಲ್ಲಿ ಇದ್ದು, ಅಲ್ಲಿಂದ ಹೊರಡಿ. ಇರುವುದು ಮೂರು ವಾರವಾದರೂ ಒಂದೇ ಊರಿನಲ್ಲಿರಿ.

ಆರೋಗ್ಯ: ಇಲ್ಲಿ ಉದಾಸೀನ ಸಲ್ಲದು

ಹೊರಡುವ ಎರಡು ತಿಂಗಳ ಮುಂಚೆ ಪ್ರಯಾಣ ಲಸಿಕೆಯ ವೈದ್ಯರನ್ನು ಕಾಣಿ, ‘ನೆಂಟರ ಮನೆಗೆ ಹೋಗುತ್ತಿದ್ದೇವೆ’ ಎನ್ನದೆ ‘ಹಳ್ಳಿಯಲ್ಲಿ ಇರುತ್ತೇವೆ’ ಎಂದು ಸ್ಪಷ್ಟವಾಗಿ ಹೇಳಿ. ಟೈಫಾಯಿಡ್, ಹೆಪಟೈಟಿಸ್ ಎ ಲಸಿಕೆಗಳ ಬಗ್ಗೆ ಅವರೇ ಹೇಳುತ್ತಾರೆ. ನೀವಾಗಿ ಕೇಳಬೇಕಾದವು ಎರಡು. ಮಂಡ್ಯ, ಕೋಲಾರ, ಬಳ್ಳಾರಿಯಂಥ ಜಿಲ್ಲೆಗಳಿಗಾದರೆ ಜಪಾನೀಸ್ ಎನ್‌ಸೆಫಲೈಟಿಸ್ ಅಂದರೆ ಮಿದುಳು ಜ್ವರದ ಲಸಿಕೆ. ಇನ್ನೊಂದು, ಎಲ್ಲಿಗೆ ಹೋದರೂ, ರೇಬೀಸ್‌ನ ಮುಂಜಾಗ್ರತಾ ಲಸಿಕೆ.

ರೇಬೀಸ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಲೇಬೇಕು. ಹೊರದೇಶದಲ್ಲಿ ಬೆಳೆದ ಮಗುವಿಗೆ ನಾಯಿ ಎಂದರೆ ಓಡಿಹೋಗಿ ತಬ್ಬಿಕೊಳ್ಳುವ ಪ್ರಾಣಿ. ಹಳ್ಳಿಯ ಬೀದಿಯಲ್ಲಿ ಮರಿ ಹಾಕಿದ ನಾಯಿಯ ಹತ್ತಿರ ಹಾಗೆ ಹೋದರೆ ಕಚ್ಚುವುದು ಖಚಿತ. ಚಿಕ್ಕ ಮಕ್ಕಳಿಗೆ ಕಡಿತ ಮುಖ, ಕತ್ತಿನ ಹತ್ತಿರ ಬೀಳುವುದರಿಂದ ಅಪಾಯವೂ ಹೆಚ್ಚು. ಕಚ್ಚಿದರೆ, ಪರಚಿದರೂ ಸಹ, ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು, ಅರಿಶಿನ, ಸುಣ್ಣ ಯಾವುದನ್ನೂ ಹಚ್ಚಬಾರದು, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಚರ್ಮ ಹರಿದು ರಕ್ತ ಬಂದ ಗಾಯಕ್ಕೆ ಲಸಿಕೆಯ ಜೊತೆ, ತಕ್ಷಣ ರಕ್ಷಣೆ ಕೊಡುವ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದು ಕೂಡ ಬೇಕು, ಅದು ಎಲ್ಲ ಆಸ್ಪತ್ರೆಗಳಲ್ಲೂ ಸಿಗುವುದಿಲ್ಲ. ಮುಂಚಿತವಾಗಿ ಲಸಿಕೆ ಪಡೆದ ಮಗುವಿಗೆ ಅದರ ಅಗತ್ಯವಿರುವುದಿಲ್ಲ, ಆದರೆ ಕಚ್ಚಿದ ನಂತರದ ಲಸಿಕೆಯನ್ನು ತಪ್ಪಿಸುವಂತಿಲ್ಲ.

ನೀರಿನ ವಿಷಯದಲ್ಲಿ ಕುದಿಸಿ ಆರಿಸಿದರೆ ಸಾಕೆಂಬ ನಂಬಿಕೆ ಅರ್ಧ ಸತ್ಯ. ಕೋಲಾರ, ಪಾವಗಡ, ಚಿತ್ರದುರ್ಗದ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇರುತ್ತದೆ, ಕುದಿಸಿದರೆ ಅದು ಹೋಗುವುದಿಲ್ಲ. ಹೆಚ್ಚಿನ ಊರುಗಳಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ಕುಡಿಯುವ ನೀರಿನ ಘಟಕವಿದೆ. ಆ ನೀರು ತಂದು, ಮಗುವಿಗೆ ಅದನ್ನೂ ಕುದಿಸಿ ಕೊಡಿ. ಬೇಧಿಯಾದರೆ ಓಆರ್‌ಎಸ್. ದೊಡ್ಡ ಪೊಟ್ಟಣಕ್ಕೆ ಒಂದು ಲೀಟರ್ ನೀರು, ಚಿಕ್ಕದಕ್ಕೆ 200 ಮಿಲಿಲೀಟರ್. ಪೊಟ್ಟಣದ ಮೇಲೆ ಬರೆದಿರುತ್ತದೆ, ಓದಿಯೇ ಕಲಸಿ. ಮಗು ಮಂಕಾಗಿ, ಮೂತ್ರ ಕಡಿಮೆಯಾದರೆ ಕಾಯಬೇಡಿ.

ಶೇಂಗಾ ಅಲರ್ಜಿ ಇರುವ ಮಗುವಾದರೆ ಉತ್ತರ ಕರ್ನಾಟಕದ ಹಳ್ಳಿಯನ್ನು ಆರಿಸುವ ಮುನ್ನ ಎರಡು ಸಲ ಯೋಚಿಸಿ. ಅಲ್ಲಿ ಚಟ್ನಿಪುಡಿಯಿಂದ ಹೋಳಿಗೆಯವರೆಗೆ ಎಲ್ಲದರಲ್ಲೂ ಶೇಂಗಾ ಇರುತ್ತದೆ. ಅಡ್ರಿನಲಿನ್ ಚುಚ್ಚುಮದ್ದಿನ ಪೆನ್ನು ಇಲ್ಲಿನ ಔಷಧ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದಿಲ್ಲ, ನೀವೇ ತರಬೇಕು.

ಊರಿಗೆ ಬಂದ ದಿನವೇ ಪ್ರಾಥಮಿಕ ಆರೋಗ್ಯ ಕೇಂದ್ರ ಎಲ್ಲಿದೆ, ರಾತ್ರಿ ಯಾರಿರುತ್ತಾರೆ, ಮಕ್ಕಳ ವೈದ್ಯರಿರುವ ತಾಲ್ಲೂಕು ಆಸ್ಪತ್ರೆಗೆ ಎಷ್ಟು ಹೊತ್ತು ಬೇಕು ಎಂದು ಆಶಾ ಕಾರ್ಯಕರ್ತೆಯಿಂದ ತಿಳಿದುಕೊಳ್ಳಿ. ಆಂಬುಲೆನ್ಸ್‌ಗೆ 108. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ನಾಟಿ ಮದ್ದಿಗೆ ಓಡುವುದು ಯಾವುದೂ ಬೇಡ. ಕಚ್ಚಿದ ಕೈಯನ್ನೋ ಕಾಲನ್ನೋ ಅಲುಗಿಸದೆ ನೇರವಾಗಿ ಆಸ್ಪತ್ರೆಗೆ. ಕತ್ತಲಲ್ಲಿ ಶೌಚಾಲಯಕ್ಕೆ ಹೋಗುವಾಗ ಟಾರ್ಚ್, ರಾತ್ರಿ ಸೊಳ್ಳೆಪರದೆ – ಇವೆರಡನ್ನು ಒಂದು ದಿನವೂ ತಪ್ಪಿಸಬೇಡಿ.

ಮನೆ, ಬೀದಿ, ಕೇರಿ

ವಸತಿ ಎಲ್ಲಿ ಎಂಬುದು ಬರೀ ಅನುಕೂಲದ ಪ್ರಶ್ನೆಯಲ್ಲ. ಹೊರಗಿನಿಂದ ಬಂದವರಿಗೆ ಊರಿನವರು ‘ಒಳ್ಳೆಯ ಮನೆ’ಯನ್ನೇ ತೋರಿಸುತ್ತಾರೆ. ಅದು ಸಾಮಾನ್ಯವಾಗಿ ಮೇಲ್ಜಾತಿಯವರ ಬೀದಿಯಲ್ಲಿರುತ್ತದೆ. ನೀವು ಮಗುವಿಗಾಗಿ ತಂದ ಚಿತ್ರದ ಪುಸ್ತಕಗಳನ್ನು ಆ ಮನೆಯ ಜಗಲಿಯಲ್ಲಿ ಹರಡಿ ಕುಳಿತರೆ ಆ ಬೀದಿಯ ಮಕ್ಕಳು ಬರುತ್ತಾರೆ. ದಲಿತ ಕೇರಿಯ ಮಕ್ಕಳು ತಿರುವಿನಲ್ಲಿ ನಿಂತು ನೋಡುತ್ತಾರೆ, ಜಗಲಿ ಹತ್ತುವುದಿಲ್ಲ. ಯಾರೂ ಬೇಡವೆಂದು ಹೇಳಿರುವುದಿಲ್ಲ, ಹೇಳಬೇಕಾಗಿಯೂ ಇಲ್ಲ, ಅವರಿಗೆ ಗೊತ್ತಿರುತ್ತದೆ. ಹೊಸಬರಿಗೆ ಇದು ಕಣ್ಣಿಗೇ ಬೀಳದೆ ಹೋಗಬಹುದು. ‘ಊರಿನ ಮಕ್ಕಳೆಲ್ಲ ಬರುತ್ತಿದ್ದಾರೆ’ ಎಂದು ಸಂತೋಷಪಡುತ್ತಿರುತ್ತೇವೆ.

ಆದ್ದರಿಂದ ಮಕ್ಕಳೊಂದಿಗಿನ ಯಾವ ಚಟುವಟಿಕೆಯನ್ನೂ ಖಾಸಗಿ ಮನೆಯಲ್ಲಿ ಮಾಡಬೇಡಿ. ಶಾಲೆಯ ಅಂಗಳ, ಅಂಗನವಾಡಿ, ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಇವು ಎಲ್ಲರಿಗೂ ಸೇರಿದ ಜಾಗಗಳು. ಅಲ್ಲಿಯೂ ದೇವಸ್ಥಾನದ ಪಕ್ಕದ ಕಟ್ಟಡಕ್ಕಿಂತ ಶಾಲೆಯ ಅಂಗಳ ಮೇಲು. ನಿಮ್ಮ ಮಗು ಆಡುತ್ತಾ ಕೇರಿಗೆ ಹೋದರೆ ಹೋಗಲಿ. ‘ಆ ಕಡೆ ಬಿಡಬೇಡಿ, ಅವರ ಮನೆಯಲ್ಲಿ ತಿನ್ನಿಸಬೇಡಿ’ ಎಂದು ಯಾರಾದರೂ ಮೆಲ್ಲಗೆ ಹೇಳಿದರೆ ಜಗಳಕ್ಕೆ ಇಳಿಯಬೇಡಿ, ಆದರೆ ಒಪ್ಪಲೂ ಬೇಡಿ. ಮರುದಿನ ನೀವೂ ಮಗುವಿನೊಂದಿಗೆ ಹೋಗಿ ಅಲ್ಲಿನ ಅಜ್ಜಿಯ ಮನೆಯಲ್ಲಿ ಕುಳಿತು ಚಹಾ ಕುಡಿದು ಬನ್ನಿ. ಇದರಿಂದ ಮನೆ ಕೊಟ್ಟವರು ಮುನಿಸಿಕೊಳ್ಳಬಹುದು ಎನಿಸಿದರೆ ಸಂಸ್ಥೆಯ ಆವರಣದಲ್ಲೇ ಉಳಿಯುವ ವ್ಯವಸ್ಥೆಯನ್ನು ಮೊದಲೇ ಕೇಳಿ. ಈ ಒಂದು ವಿಚಾರದಲ್ಲಿ ರಾಜಿಯಾಗಬಾರದೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಚಾಪೆಯ ಮೂಲೆ

ಈಗ ಮಗುವಿರುವವರಿಗೇ ಹೇಳಿ ಮಾಡಿಸಿದಂತಹ ಕೆಲಸಕ್ಕೆ ಬರುತ್ತೇನೆ. ಕರ್ನಾಟಕದ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು 2019ರಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯಡಿ ಬಂದವು. ಈಗ ಅವುಗಳ ಹೆಸರು ‘ಅರಿವು ಕೇಂದ್ರ’. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವವಿದೆ. ಮೇಲ್ವಿಚಾರಕರು ಒಬ್ಬರೇ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಂದ ಒಪ್ಪಿಗೆ ಪತ್ರ ಪಡೆದರೆ ಇಲ್ಲಿ ಕೆಲಸಕ್ಕೆ ಕೊರತೆಯಿಲ್ಲ: ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುವುದು, ವಯಸ್ಸಿಗೆ ತಕ್ಕಂತೆ ಜೋಡಿಸುವುದು, ಸಂಜೆ ಗಟ್ಟಿಯಾಗಿ ಓದಿ ಹೇಳುವುದು.

ನಾನಿದ್ದ ಊರಿನ ಕೇಂದ್ರದಲ್ಲಿ ಐದನೇ ತರಗತಿಯ ಹುಡುಗಿಯೊಬ್ಬಳು ದಿನವೂ ಬಾಗಿಲವರೆಗೆ ಬಂದು ಹಿಂದಿರುಗುತ್ತಿದ್ದಳು. ಸೊಂಟದ ಮೇಲೆ ಒಂದೂವರೆ ವರ್ಷದ ತಮ್ಮ. ಅಮ್ಮ ಕೂಲಿಯಿಂದ ಬರುವವರೆಗೆ ಅವನನ್ನು ನೋಡಿಕೊಳ್ಳುವುದು ಅವಳ ಪಾಲಿನ ಕೆಲಸ. ಒಳಗೆ ಬಂದರೆ ಅವನು ಪುಸ್ತಕ ಎಳೆಯುತ್ತಾನೆ, ಅಳುತ್ತಾನೆ, ದೊಡ್ಡವರು ಗದರುತ್ತಾರೆ. ನನ್ನ ಮಗಳಿಗೂ ಆಗ ಒಂದೆಡೆ ಕೂರುವ ವಯಸ್ಸಲ್ಲ. ಅವಳಿಗಾಗಿಯೇ ಮೂಲೆಯಲ್ಲಿ ಒಂದು ಚಾಪೆ ಹಾಸಿ, ಬಟ್ಟೆಯ ಚೆಂಡು, ಹುಣಸೆಬೀಜ ಹಾಕಿದ ಗಟ್ಟಿ ಮುಚ್ಚಳದ ಡಬ್ಬ, ದಪ್ಪ ಹಾಳೆಯ ಎರಡು ಪುಸ್ತಕಗಳನ್ನು ಇಟ್ಟಿದ್ದೆ. ಆ ತಮ್ಮನೂ ಅಲ್ಲಿಗೆ ಬಂದು ಡಬ್ಬವನ್ನು ಅಲ್ಲಾಡಿಸುತ್ತಾ ಕುಳಿತ. ಅಕ್ಕ ಮೂರು ಹೆಜ್ಜೆ ದೂರದಲ್ಲಿ, ಅವನು ಕಣ್ಣಿಗೆ ಕಾಣುವಂತೆ ಗೋಡೆಗೆ ಒರಗಿ, ಪುಸ್ತಕ ತೆರೆದಳು. ಮಾರನೆಯ ದಿನ ಇನ್ನೂ ಇಬ್ಬರು ಅಕ್ಕಂದಿರು ಬಂದರು, ಅವರವರ ಸೊಂಟದ ಮೇಲಿನ ಕೂಸುಗಳೊಂದಿಗೆ.

ಹಳ್ಳಿಯಲ್ಲಿ ಓದಿನಿಂದ ಹಿಂದೆ ಸರಿಯುವ ಹೆಣ್ಣುಮಕ್ಕಳಲ್ಲಿ ಹಲವರ ಕಾರಣ ಇಷ್ಟೇ, ಮನೆಯ ಚಿಕ್ಕ ಮಗು. ಒಂಟಿಯಾಗಿ ಬರುವ ಸ್ವಯಂಸೇವಕರಿಗೆ ಇದು ತೋಚುವುದೂ ಕಡಿಮೆ. ನೀವು ಹೇಗಿದ್ದರೂ ನೆಲದ ಮೇಲೆ ಕುಳಿತು ನಿಮ್ಮ ಮಗುವನ್ನು ಆಡಿಸುತ್ತೀರಿ. ಆ ಚಾಪೆಯನ್ನು ಸ್ವಲ್ಪ ದೊಡ್ಡದು ಮಾಡಿ. ಕೆಲವು ನಿಯಮಗಳು ಬೇಕು. ಅಕ್ಕಂದಿರು ಅದೇ ಕೋಣೆಯಲ್ಲಿರಬೇಕು, ಮೇಲ್ವಿಚಾರಕರು ಹಾಜರಿರಬೇಕು, ಬಾಗಿಲು ತೆರೆದಿರಬೇಕು. ಶೌಚಕ್ಕೆ ಕರೆದೊಯ್ಯುವುದು ಅಕ್ಕನೇ. ಮೂರು ವರ್ಷದೊಳಗಿನ ಮಕ್ಕಳ ಕೈಗೆ ಸಿಗುವಂತೆ ಗೋಲಿ, ಮಣಿ, ಬಿಡಿ ಬೀಜಗಳನ್ನು ಇಡಬಾರದು. ಡಬ್ಬದ ಮುಚ್ಚಳವನ್ನು ದಿನವೂ ಬಿಗಿಮಾಡಿ ನೋಡಬೇಕು. ಕೂಲಿಗೆ ಹೋಗುವ ತಾಯಂದಿರಿಗಾಗಿ ಪಂಚಾಯಿತಿಗಳು ನಡೆಸುವ ‘ಕೂಸಿನ ಮನೆ’ ನಿಮ್ಮ ಊರಿನಲ್ಲಿದ್ದರೆ ಅಲ್ಲಿನ ಆರೈಕೆದಾರರನ್ನೂ ಕರೆದು ತೋರಿಸಿ.

ಅಂಗನವಾಡಿಯಲ್ಲಿಯೂ ಕೂರಬಹುದು, ಅದಕ್ಕೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಅವರ ಅನುಮತಿ ಬೇಕು. ಅಲ್ಲಿನ ಟೀಚರ್ ಒಬ್ಬರೇ ಪಾಠ, ತೂಕ, ಗರ್ಭಿಣಿಯರ ಊಟ, ಮೊಬೈಲ್‌ನಲ್ಲಿ ಪೋಷಣ್ ಟ್ರ್ಯಾಕರ್ ಎಂಬ ಆ್ಯಪ್‌ಗೆ ಮಾಹಿತಿ ತುಂಬುವುದು, ಎಲ್ಲವನ್ನೂ ನಿಭಾಯಿಸುತ್ತಾರೆ. ಅವರು ದಾಖಲೆ ತುಂಬುವ ಹೊತ್ತಿನಲ್ಲಿ ಮಕ್ಕಳಿಗೆ ಹಾಡು ಹೇಳಿಸಿದರೆ ಅದೇ ದೊಡ್ಡ ನೆರವು. ಒಂದನ್ನು ನೆನಪಿಡಿ: ಅಲ್ಲಿನ ಆಹಾರ, ಮೊಟ್ಟೆ ಬರುವುದು ದಾಖಲಾದ ಮಕ್ಕಳ ಲೆಕ್ಕಕ್ಕೆ. ಪ್ರೀತಿಯಿಂದ ನಿಮ್ಮ ಮಗುವಿಗೂ ತಟ್ಟೆ ಹಾಕುತ್ತಾರೆ. ಊಟದ ಹೊತ್ತಿಗೆ ಮುಂಚೆ ಮಗುವನ್ನು ಮನೆಗೆ ಕರೆದೊಯ್ಯುವ ರೂಢಿ ಮಾಡಿಕೊಂಡರೆ ಯಾರಿಗೂ ಮುಜುಗರವಿಲ್ಲ.

ಫೋಟೊ, ಉಡುಗೊರೆ

ಊರಿನ ಮಕ್ಕಳ ಮುಖ ಕಾಣುವ ಚಿತ್ರವನ್ನು ಜಾಲತಾಣಗಳಲ್ಲಿ ಹಾಕಬೇಡಿ, ಅವರ ತಂದೆತಾಯಿ ತಲೆಯಾಡಿಸಿದರೂ ಸಹ. ಎಲ್ಲಿ, ಯಾರು ನೋಡುತ್ತಾರೆಂದು ಅವರಿಗೆ ತಿಳಿದಿರುವುದಿಲ್ಲ. ಬೇಕಿದ್ದರೆ ಫೋಟೊ ತೆಗೆದು ತಾಲ್ಲೂಕಿನ ಸ್ಟುಡಿಯೊದಲ್ಲಿ ಅಚ್ಚು ಹಾಕಿಸಿ ಅವರಿಗೇ ಕೊಡಿ, ಗೋಡೆಗೆ ಅಂಟಿಸಿಕೊಳ್ಳುತ್ತಾರೆ. ಚಾಕೊಲೇಟ್, ಪೆನ್ನು ಹಂಚಬೇಡಿ. ನಿಮ್ಮ ಮಗುವಿನ ಕೈಯಿಂದಂತೂ ಹಂಚಿಸಲೇಬೇಡಿ. ತಾನು ಕೊಡುವವಳು, ಅವರು ಪಡೆಯುವವರು ಎಂಬುದು ಆ ವಯಸ್ಸಿಗೆ ಬೇಗ ಮನಸ್ಸಿಗೆ ಇಳಿದುಬಿಡುತ್ತದೆ. ಹಾಗೆಯೇ ‘ನೋಡು, ಇವರಿಗೆ ಏನೂ ಇಲ್ಲ, ಆದರೂ ಎಷ್ಟು ಖುಷಿಯಾಗಿದ್ದಾರೆ’ ಎಂದು ಮಗುವಿಗೆ ಹೇಳಬೇಡಿ. ಅವರ ಬಡತನ ನಮ್ಮ ಮಕ್ಕಳ ಪಾಠವಲ್ಲ. ಮಗು ‘ಅವಳ ಮನೆಯಲ್ಲಿ ಏಕೆ ಶೌಚಾಲಯವಿಲ್ಲ?’ ಎಂದು ಕೇಳಿದರೆ ನಿಜವಾದ ಕಾರಣವನ್ನು ಅದಕ್ಕೆ ಅರ್ಥವಾಗುವಷ್ಟು ಹೇಳಿ.

ಯಾವುದಾದರೂ ಮಗುವಿಗೆ ಹಿಂಸೆಯೋ ಕಿರುಕುಳವೋ ಆಗುತ್ತಿದೆ ಎಂದು ತಿಳಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಸಂಸ್ಥೆಗೂ ತಿಳಿಸಿ. ಲೈಂಗಿಕ ದೌರ್ಜನ್ಯದ ವಿಷಯ ಗೊತ್ತಿದ್ದೂ ತಿಳಿಸದಿರುವುದು 2012ರ ಪೋಕ್ಸೊ ಕಾಯ್ದೆಯಡಿ ಅಪರಾಧ. ‘ನಾವು ಹೊರಗಿನವರು’ ಎಂದು ಸುಮ್ಮನಾಗುವಂತಿಲ್ಲ.

ಹೊರಡುವಾಗ ಮತ್ತು ಹೊರಟ ಮೇಲೆ

ಹೊರಡುವ ದಿನಾಂಕವನ್ನು ಬಂದ ದಿನವೇ ಮಕ್ಕಳಿಗೆ ಹೇಳಿ, ಕೊನೆಯ ವಾರ ಮತ್ತೆ ನೆನಪಿಸಿ. ನಿಮ್ಮ ಮಗುವಿಗೂ ಅದೇ ಮಾತು. ‘ಮುಂದಿನ ವರ್ಷ ಬರುತ್ತೇವೆ’ ಎಂದು ಖಚಿತವಿಲ್ಲದೆ ಹೇಳಬೇಡಿ, ಮಕ್ಕಳು ನಿಜವಾಗಿ ಕಾಯುತ್ತಾರೆ. ಕೊನೆಯ ನಾಲ್ಕೈದು ದಿನ ನೀವು ಹಿಂದೆ ಸರಿದು, ಚಾಪೆಯನ್ನು ಹಾಸುವುದರಿಂದ ಎತ್ತಿಡುವವರೆಗೆ ಎಲ್ಲವನ್ನೂ ಮೇಲ್ವಿಚಾರಕರು ಮತ್ತು ಊರಿನ ಯುವತಿಯೊಬ್ಬರು ನಡೆಸಲಿ, ನೀವು ಪಕ್ಕದಲ್ಲಿರಿ. ಕಂಪ್ಯೂಟರ್ ಕೆಲಸ ಮಾಡಿದವರು ಗುಪ್ತಪದಗಳನ್ನೂ ವಿಧಾನವನ್ನೂ ಕನ್ನಡದಲ್ಲಿ ಬರೆದಿಟ್ಟು ಹೊರಡಿ.

ಮನೆ ಸೇರಿದ ಮೇಲೆ ಮುಂದಿನ ಕೆಲವು ತಿಂಗಳಲ್ಲಿ ಮಗುವಿಗೆ ಜ್ವರ ಬಂದರೆ, ಬೇಧಿ ನಿಲ್ಲದಿದ್ದರೆ, ಭಾರತದ ಹಳ್ಳಿಯಲ್ಲಿ ಇದ್ದು ಬಂದಿದ್ದೇವೆಂದು ವೈದ್ಯರಿಗೆ ಮೊದಲ ಮಾತಿನಲ್ಲೇ ತಿಳಿಸಿ. ಮಲೇರಿಯಾ, ಟೈಫಾಯಿಡ್ ಅಲ್ಲಿನ ವೈದ್ಯರಿಗೆ ತಾನಾಗಿ ಹೊಳೆಯುವುದಿಲ್ಲ.

ಒಂದೆರಡು ತಿಂಗಳ ನಂತರ ಅರಿವು ಕೇಂದ್ರಕ್ಕೆ ಫೋನ್ ಮಾಡಿ. ಚಾಪೆ ಇನ್ನೂ ಹಾಸುತ್ತಿದ್ದಾರೆಯೇ, ಎಷ್ಟು ಅಕ್ಕಂದಿರು ಬರುತ್ತಿದ್ದಾರೆ ಎಂದು ಕೇಳಿ. ನಿಂತುಹೋಗಿದ್ದರೆ ಏಕೆ ನಿಂತಿತೆಂದು ಸಮಾಧಾನದಿಂದ ವಿಚಾರಿಸಿ. ಕೋಣೆಯ ಕೀಲಿ ಬೇರೆಯವರ ಬಳಿ ಹೋಗಿರಬಹುದು, ಸಂಜೆ ಕರೆಂಟ್ ಇರದಿರಬಹುದು, ಆ ಯುವತಿಗೆ ಮದುವೆಯಾಗಿರಬಹುದು. ಮುಂದಿನ ಸಲ ಬರುವ ಮೊದಲು ಸರಿಪಡಿಸಬೇಕಾದದ್ದು ಆ ಉತ್ತರದಲ್ಲಿರುತ್ತದೆ.